ಮಾರ್ಫನ್ ಸಿಂಡ್ರೋಮ್ ಮನೇಲಿದ್ರೆ: ಮೊದ್ಲು ಅಯೋರ್ಟ ಅಳತೆ, ಆಮೇಲೆ ಉಳಿದಿದ್ದೆಲ್ಲ

ಕಣ್ಣಿನ ಡಾಕ್ಟ್ರು ವರ್ಷಕ್ಕೊಂದು ಸಲ ಕನ್ನಡಕದ ನಂಬರ್ ಬದಲಾಯಿಸ್ತಾರೆ, ಮೂಳೆ ಡಾಕ್ಟ್ರು ಬೆನ್ನು ಸ್ವಲ್ಪ ಸೊಟ್ಟಗಿದೆ ಅಂತ ಎಕ್ಸ್‌ರೇ ಬರ್ಕೊಡ್ತಾರೆ, ಮನೆ ಹತ್ರದ ಡಾಕ್ಟ್ರು ಹುಡುಗ ತುಂಬ ಸಣ್ಣ ಇದಾನೆ ಅಂತ ಟಾನಿಕ್ ಕೊಡ್ತಾರೆ. ಮೂರು ಚೀಟಿನೂ ಒಂದೇ ಮೇಜಿನ ಮೇಲಿಟ್ಟು ನೋಡೋರು ಮಾತ್ರ ಯಾರೂ ಇರಲ್ಲ. ಮಾರ್ಫನ್ ಸಿಂಡ್ರೋಮ್ ಇರೋ ಎಷ್ಟೋ ಮನೆಗಳಲ್ಲಿ ಕಥೆ ಹೀಗೇ ನಡ್ಯೋದು. ನಮ್ಮ ಯಜಮಾನ್ರಿಗೂ ಮಗಳಿಗೂ ಇದೆ, ಫೈಲ್ ಇಟ್ಕೊಂಡು ಓಡಾಡೋ ಕೆಲಸ ನಂದು, ಹಾಗಾಗಿ ಡಾಕ್ಟ್ರಲ್ಲದಿದ್ರೂ ಇಷ್ಟು ಬರೀಬಹುದು ಅಂದ್ಕೊಂಡೆ. ಔಷಧಿ ಡೋಸು, ಆಪರೇಷನ್ ನಿರ್ಧಾರ ಎಲ್ಲ ನಿಮ್ಮ ಕಾರ್ಡಿಯಾಲಜಿಸ್ಟ್ ಹತ್ರಾನೇ, ಅದನ್ನ ನಾನು ಹೇಳಲ್ಲ.

ಇದು ಏನು ಅಂತ ಮೊದ್ಲು ಚುಟುಕಾಗಿ

ನಮ್ಮ ಮೈಯಲ್ಲಿ ಮೂಳೆ, ಕೀಲು, ರಕ್ತನಾಳ, ಕಣ್ಣಿನ ಲೆನ್ಸು ಎಲ್ಲಾನೂ ಹಿಡ್ಕೊಂಡಿರೋ ಅಂಗಾಂಶ ಇದ್ಯಲ್ಲ, ಅದಕ್ಕೆ ಬಿಗಿ ಕೊಡೋ ಪ್ರೋಟೀನ್‌ಗಳಲ್ಲಿ ಫೈಬ್ರಿಲಿನ್-1 ಅನ್ನೋದು ಒಂದು. ಅದನ್ನ ಮಾಡೋ ಜೀನ್ ಹೆಸರು ಎಫ್‌ಬಿಎನ್1, 15ನೇ ಕ್ರೋಮೋಸೋಮಲ್ಲಿದೆ, ಅದರಲ್ಲಿ ದೋಷ ಇದೆ ಅಂತ ಗೊತ್ತಾಗಿದ್ದು 1991ರಲ್ಲಿ. ಕಾಯಿಲೆ ಮಾತ್ರ ಹಳೇದು, ಫ್ರಾನ್ಸಿನ ಮಕ್ಕಳ ಡಾಕ್ಟರ್ ಆಂಟ್ವಾನ್ ಮಾರ್ಫನ್ 1896ರಲ್ಲೇ ಉದ್ದ ಬೆರಳಿನ ಐದು ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ರು, ಅವರ ಹೆಸರೇ ಉಳ್ಕೊಂಡಿದೆ. ಪ್ರೋಟೀನ್ ಸರಿ ಇಲ್ದಿದ್ರೆ ಹಳೇ ಚಡ್ಡಿ ಇಲಾಸ್ಟಿಕ್ ಥರ ಎಲ್ಲಾ ಕಡೆ ಸಡಿಲ ಆಗ್ತಾ ಹೋಗತ್ತೆ. ಕಣ್ಣಲ್ಲಿ ಸಡಿಲ ಆದ್ರೆ ಲೆನ್ಸ್ ಜಾರತ್ತೆ, ಕೀಲಲ್ಲಿ ಆದ್ರೆ ಬೆರಳು ಬೇಕಾದ ಹಾಗೆ ಬಾಗತ್ತೆ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಅಯೋರ್ಟದಲ್ಲಿ ಆದ್ರೆ ಅದು ನಿಧಾನಕ್ಕೆ ಊದ್ತಾ ಹೋಗತ್ತೆ. ಪ್ರಾಣಕ್ಕೆ ಕುತ್ತು ಬರೋದು ಮುಖ್ಯವಾಗಿ ಈ ಕೊನೇದ್ರಿಂದ, ಅದಕ್ಕೇ ಇಡೀ ಲೇಖನ ಅಯೋರ್ಟದ ಸುತ್ತಾನೇ ಸುತ್ತತ್ತೆ.

ಸುಮಾರು 5000 ಜನರಲ್ಲಿ ಒಬ್ಬರಿಗೆ ಇರತ್ತೆ ಅಂತ ಲೆಕ್ಕ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ರೆ ಸಾಕು, ಪ್ರತಿ ಮಗುವಿಗೂ ಬರೋ ಸಾಧ್ಯತೆ 50%, ಗಂಡಾಗ್ಲಿ ಹೆಣ್ಣಾಗ್ಲಿ. ಇನ್ನು ನಾಲ್ಕರಲ್ಲೊಂದು ಕೇಸಲ್ಲಿ ಅಪ್ಪ ಅಮ್ಮ ಯಾರಿಗೂ ಇರಲ್ಲ, ಮಗುವಲ್ಲೇ ಹೊಸದಾಗಿ ಶುರುವಾಗಿರತ್ತೆ. ನಮ್ಮ ಕಡೆ ಒಂದು ಮಾತು ತಕ್ಷಣ ಬಂದ್ಬಿಡತ್ತೆ, "ಅಕ್ಕನ ಮಗಳನ್ನ ಮದ್ವೆ ಆಗಿದ್ದಕ್ಕೇ ಹಿಂಗಾಗಿದ್ದು" ಅಂತ. ಮಾರ್ಫನ್‌ಗೆ ಆ ಕಾರಣ ಅನ್ವಯ ಆಗಲ್ಲ. ಸೋದರಿಕೆ ಮದುವೆಯಿಂದ ಹೆಚ್ಚಾಗೋ ಬೇರೆ ಕಾಯಿಲೆ ಒಂದಿದೆ, ನೋಡೋಕೆ ಥೇಟ್ ಮಾರ್ಫನ್ ಥರಾನೇ, ಅದು ಮುಂದೆ ಬರತ್ತೆ.

ಮನೇಲಿ ಏನು ನೋಡ್ಬಹುದು

ಹೆಬ್ಬೆರಳನ್ನ ಅಂಗೈ ಒಳಗಿಟ್ಟು ಮುಷ್ಟಿ ಕಟ್ಟೋಕೆ ಹೇಳಿ. ಹೆಬ್ಬೆರಳಿನ ಉಗುರು ಪೂರ್ತಿ ಕಿರುಬೆರಳಿನ ಕಡೆಯಿಂದ ಹೊರಗೆ ಇಣುಕಿದ್ರೆ ಒಂದು ಗುರುತು. ಇನ್ನೊಂದು, ಒಂದು ಕೈಯ ಮಣಿಕಟ್ಟನ್ನ ಇನ್ನೊಂದು ಕೈಯ ಹೆಬ್ಬೆರಳು ಕಿರುಬೆರಳಲ್ಲಿ ಬಳಸಿ ಹಿಡಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನ ಪೂರ್ತಿ ಮುಚ್ಚಿದ್ರೆ ಅದೂ ಒಂದು ಗುರುತು. ಆಮೇಲೆ ಗೋಡೆಗೆ ಒರಗಿ ಎರಡೂ ಕೈ ಅಗಲಿಸಿ ತುದಿಯಿಂದ ತುದಿಗೆ ಟೇಪಲ್ಲಿ ಅಳೀರಿ, ಎತ್ತರಕ್ಕಿಂತ 1.05 ಪಟ್ಟು ಮೀರಿದ್ರೆ, ಅಂದ್ರೆ 170 ಸೆಂಟಿಮೀಟರ್ ಎತ್ತರದೋರಿಗೆ ಕೈ ಅಗಲ 178.5 ದಾಟಿದ್ರೆ, ಬರೆದಿಟ್ಕೊಳ್ಳಿ. ಎದೆ ಮಧ್ಯ ಒಳಗೆ ಹೋಗಿದ್ಯಾ ಅಥವಾ ಪಾರಿವಾಳದ ಥರ ಮುಂದಕ್ಕೆ ಬಂದಿದ್ಯಾ, ಬೆನ್ನು ಬಗ್ಗಿಸಿ ನಿಲ್ಸಿದ್ರೆ ಒಂದು ಪಕ್ಕ ಎತ್ತರ ಕಾಣತ್ತಾ, ಪಾದ ಚಪ್ಪಟೆನಾ, ದಪ್ಪ ಆಗಿ ಸಣ್ಣ ಆಗಿದ್ದೂ ಇಲ್ಲ, ಬಸುರಿಯಾಗಿದ್ದೂ ಇಲ್ಲ, ಆದ್ರೂ ಸೊಂಟ ಭುಜದ ಮೇಲೆ ಚರ್ಮದಲ್ಲಿ ಗೆರೆ ಬಿದ್ದಿದ್ಯಾ, ಮೈನಸ್ 3ಕ್ಕಿಂತ ಜಾಸ್ತಿ ಕನ್ನಡಕ ಇದ್ಯಾ, ಯಾವತ್ತಾದ್ರೂ ಶ್ವಾಸಕೋಶದಿಂದ ಗಾಳಿ ಸೋರಿ ಆಸ್ಪತ್ರೆ ಸೇರಿದ್ರಾ, ಇವೂ ಲೆಕ್ಕಕ್ಕೆ ಬರತ್ತೆ.

ಡಾಕ್ಟ್ರು ಇದನ್ನೇ ಪಾಯಿಂಟ್ ಲೆಕ್ಕದಲ್ಲಿ ಹಾಕ್ತಾರೆ, ಘೆಂಟ್ ಮಾನದಂಡ ಅಂತ, 2010ರಲ್ಲಿ ಪರಿಷ್ಕರಿಸಿದ್ದು, 7 ಪಾಯಿಂಟ್ ಬಂದ್ರೆ ಗಂಭೀರವಾಗಿ ತಗೋತಾರೆ. ಆದ್ರೆ ಬರೀ ಉದ್ದ ಬೆರಳು ಅಂದ ಮಾತ್ರಕ್ಕೆ ಮಾರ್ಫನ್ ಅಲ್ಲ, ಊರಲ್ಲಿ ಉದ್ದ ಇರೋರೆಲ್ಲ ಗಾಬರಿ ಆಗ್ಬೇಕಿಲ್ಲ. ಉಲ್ಟಾನೂ ನಿಜ, ಎತ್ತರ ಸಾಧಾರಣ ಇದ್ದು, ಅಯೋರ್ಟ ಊದಿರೋರೂ ಇರ್ತಾರೆ. ನನ್ನ ಕೇಳಿದ್ರೆ ಮನೆತನದಲ್ಲಿ ಯಾರಾದ್ರೂ 30-40ರ ವಯಸ್ಸಲ್ಲಿ "ಎದೆ ನೋವು ಅಂದ್ರು, ಆಸ್ಪತ್ರೆಗೆ ಹೋಗೋಷ್ಟ್ರಲ್ಲಿ ಹೋಗ್ಬಿಟ್ರು" ಅನ್ನೋ ಕಥೆ ಇದ್ರೆ ಅದು ಎಲ್ಲಾ ಬೆರಳಿನ ಟೆಸ್ಟ್‌ಗಿಂತ ದೊಡ್ಡ ಸುಳಿವು. ಅಜ್ಜಿನೋ ದೊಡ್ಡತ್ತೆನೋ ಇದ್ರೆ ಕೂತು ಕೇಳಿ. ಅವರು ಹಾರ್ಟ್ ಅಟ್ಯಾಕ್ ಅಂತಾನೇ ಹೇಳ್ತಾರೆ, ವಯಸ್ಸೆಷ್ಟು, ಆಳು ಹೇಗಿದ್ರು, ಕನ್ನಡಕ ಇತ್ತಾ ಅಂತ ಕೇಳಿ.

ಯಾವ ಡಾಕ್ಟ್ರ ಹತ್ರ ಮೊದ್ಲು

ಮೊದ್ಲು ಹೃದಯದ ಎಕೋ, ಅಂದ್ರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಜೆನೆಟಿಕ್ ಟೆಸ್ಟಿಗೆ ದುಡ್ಡು ಹೊಂದಿಸ್ಕೊಂಡು ಆಮೇಲೆ ಹೋಗೋಣ ಅಂತ ಕಾಯ್ಬೇಡಿ. ಎಕೋ ನೋವಿಲ್ಲ, ಸೂಜಿ ಇಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಸಿಗತ್ತೆ. ಸರ್ಕಾರಿ ಕಡೆ ನೋಡೋರಿಗೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಎರಡನೇದು ಕಣ್ಣು. ಕನ್ನಡಕದ ಅಂಗಡಿ ಟೆಸ್ಟ್ ಅಲ್ಲ, ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಸ್ಲಿಟ್ ಲ್ಯಾಂಪಲ್ಲಿ ಲೆನ್ಸ್ ಜಾಗದಲ್ಲಿದ್ಯಾ ಅಂತ ನೋಡ್ಬೇಕು, ಹಾಗೆ ನೋಡಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಮಾರ್ಫನ್ ಇರೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಲೆನ್ಸ್ ಸ್ವಲ್ಪನಾದ್ರೂ ಜಾರಿರತ್ತೆ, ಸಾಮಾನ್ಯವಾಗಿ ಮೇಲಕ್ಕೆ. ಲೆನ್ಸ್ ಜಾರಿದ್ದು ಮತ್ತೆ ಅಯೋರ್ಟ ಊದಿದ್ದು ಎರಡೂ ಒಬ್ಬರಲ್ಲೇ ಇದ್ರೆ ಅಷ್ಟರಲ್ಲೇ ಮಾರ್ಫನ್ ಅಂತ ಹೇಳ್ಬಿಡ್ತಾರೆ.

ಈಗ ಆಗ್ಲೇ ಹೇಳಿದ ಬೇರೆ ಕಾಯಿಲೆ. ಹೋಮೋಸಿಸ್ಟಿನ್ಯೂರಿಯಾ ಅಂತ. ಅದರಲ್ಲೂ ಉದ್ದ ಕೈಕಾಲು, ಜಾರಿದ ಲೆನ್ಸ್ ಇರತ್ತೆ, ಆದ್ರೆ ಲೆನ್ಸ್ ಹೆಚ್ಚಾಗಿ ಕೆಳಗೆ ಜಾರತ್ತೆ, ಎಷ್ಟೋ ಮಕ್ಕಳು ಕಲಿಕೆಯಲ್ಲಿ ಹಿಂದೆ ಬೀಳ್ತಾರೆ, ರಕ್ತ ಹೆಪ್ಪುಗಟ್ಟೋ ಅಪಾಯ ಇರತ್ತೆ. ಇದು ಬರೋಕೆ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬರ್ಬೇಕು, ಅದಕ್ಕೇ ಸೋದರಮಾವ, ಅತ್ತೆ ಮಗ ಅಂತ ಹತ್ತಿರದ ಮದುವೆ ಆದ ಮನೆಗಳಲ್ಲಿ ಹೆಚ್ಚು ಕಾಣತ್ತೆ. ರಕ್ತದಲ್ಲಿ ಹೋಮೋಸಿಸ್ಟೀನ್ ನೋಡಿದ್ರೆ ಸುಳಿವು ಸಿಗತ್ತೆ, ಕೆಲವ್ರಿಗೆ ಬಿ6 ವಿಟಮಿನ್ನಲ್ಲೇ ಚೆನ್ನಾಗಿ ಹತೋಟಿಗೆ ಬರತ್ತೆ. ಔಷಧಿ ಇರೋ ಕಾಯಿಲೆಗೆ ಮಾರ್ಫನ್ ಅಂತ ಹಣೆಪಟ್ಟಿ ಹಚ್ಚಿ ಕೂರಿಸೋದು ಬೇಡ, ಹಾಗಾಗಿ ಲೆನ್ಸ್ ಜಾರಿರೋ ಮಗುವಿಗೆ ಈ ಟೆಸ್ಟ್ ಆಗಿದ್ಯಾ ಅಂತ ಒಂದು ಮಾತು ಕೇಳಿ. ಲೋಯ್ಸ್-ಡೀಟ್ಸ್ ಅಂತ ಇನ್ನೊಂದಿದೆ, 2005ರಲ್ಲಿ ವಿವರಿಸಿದ್ದು, ಕಿರುನಾಲಿಗೆ ಎರಡಾಗಿ ಸೀಳಿರೋದು, ಕಣ್ಣುಗಳ ಮಧ್ಯೆ ಅಂತರ ಜಾಸ್ತಿ ಇರೋದು ಅದರ ಗುರುತು, ಅದರಲ್ಲಿ ರಕ್ತನಾಳ ಇನ್ನೂ ಬೇಗ ಕೈ ಕೊಡತ್ತೆ.

ಇವನ್ನೆಲ್ಲ ಬೇರೆ ಬೇರೆ ಅಂತ ಖಚಿತ ಮಾಡೋಕೆ ಜೀನ್ ಟೆಸ್ಟ್ ಸಹಾಯಕ್ಕೆ ಬರತ್ತೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಥರದ ಕಡೆ ಮೊದ್ಲು ಕೌನ್ಸೆಲಿಂಗ್ ತಗೊಂಡು ಆಮೇಲೆ ರಕ್ತ ಕೊಡೋದು ಒಳ್ಳೇದು, ಯಾಕಂದ್ರೆ ರಿಪೋರ್ಟಲ್ಲಿ "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಅಂತ ಬಂದ್ರೆ ಅದು ಪಾಸೂ ಅಲ್ಲ ಫೇಲೂ ಅಲ್ಲ, ಅದನ್ನ ವಿವರಿಸೋಕೆ ಒಬ್ರು ಬೇಕು. ಒಬ್ಬರಲ್ಲಿ ದೋಷ ಯಾವ್ದು ಅಂತ ಸಿಕ್ಬಿಟ್ರೆ ಉಳಿದ ಮನೆಯವ್ರಿಗೆ ಅದೊಂದನ್ನೇ ಹುಡುಕಿದ್ರೆ ಸಾಕು.

ಒಂದು ನಂಬರ್, ಒಂದು ಫೈಲ್

ನಿಮಗೆ ನಿಮ್ಮ ಶುಗರ್ ಗೊತ್ತು, ಬಿಪಿ ಗೊತ್ತು. ಮಾರ್ಫನ್ ಮನೇಲಿ ಗೊತ್ತಿರಬೇಕಾದ ನಂಬರ್ ಅಯೋರ್ಟಿಕ್ ರೂಟ್ ಎಷ್ಟು ಮಿಲಿಮೀಟರ್ ಅಂತ. ಎಕೋ ರಿಪೋರ್ಟಲ್ಲಿ ಅದನ್ನ ಹೆಚ್ಚಾಗಿ ಒಂದೇ ಸಾಲಲ್ಲಿ ಬರೆದು ಮುಗಿಸ್ತಾರೆ, ಅದೂ ಯಾವ ಜಾಗದಲ್ಲಿ ಅಳೆದಿದ್ದು ಅಂತ ಇರಲ್ಲ. ಮಾರ್ಫನ್ನಲ್ಲಿ ಊದೋದು ಅಯೋರ್ಟ ಶುರುವಾಗೋ ಜಾಗದಲ್ಲೇ, ಕವಾಟದ ಪಕ್ಕದ ಸೈನಸ್ ಅನ್ನೋ ಭಾಗದಲ್ಲಿ. ಟೆಕ್ನಿಷಿಯನ್‌ಗೆ ಮೊದ್ಲೇ "ಮಾರ್ಫನ್ ಇದೆ, ಸೈನಸ್ ಲೆವೆಲ್ಲಲ್ಲಿ ಅಳೆದು ಬರ್ಕೊಡಿ, ಮೈಟ್ರಲ್ ಕವಾಟ ಜೋತು ಬಿದ್ದಿದ್ಯಾ ಅದನ್ನೂ ನೋಡಿ" ಅಂತ ವಿನಯವಾಗಿ ಹೇಳಿ. ಮಕ್ಕಳಿಗೆ ಮಿಲಿಮೀಟರ್ ಒಂದೇ ಸಾಲ್ದು, ಎತ್ತರ ತೂಕಕ್ಕೆ ಹೋಲಿಸಿ ಝಡ್ ಸ್ಕೋರ್ ಅಂತ ತೆಗೀತಾರೆ, 2 ಅಥವಾ ಮೇಲಿದ್ರೆ ಊದಿದೆ ಅಂತ ಅರ್ಥ. ಅದಕ್ಕೇ ಅವತ್ತಿನ ಎತ್ತರ ತೂಕ ರಿಪೋರ್ಟ್ ಮೇಲೇ ಬರೆಸಿ.

ಗೊತ್ತಾದ ಮೇಲೆ ಸಾಮಾನ್ಯವಾಗಿ 6 ತಿಂಗಳಿಗೆ ಇನ್ನೊಂದು ಎಕೋ, ಅದರಲ್ಲಿ ಹೆಚ್ಚು ಬದಲಾವಣೆ ಇಲ್ಲ ಅಂದ್ರೆ ವರ್ಷಕ್ಕೊಂದು, ಜಾಸ್ತಿ ಬೆಳೀತಿದ್ರೆ ಇನ್ನೂ ಬೇಗ ಬೇಗ. ಸಾಧ್ಯ ಆದಷ್ಟೂ ಅದೇ ಆಸ್ಪತ್ರೆ, ಅದೇ ಮೆಷಿನ್ನು. ಜಾಗ ಬದಲಾದ್ರೆ ಅಳತೆಯಲ್ಲೇ ಒಂದೆರಡು ಮಿಲಿಮೀಟರ್ ಹೆಚ್ಚು ಕಮ್ಮಿ ಬಂದು ಸುಮ್ನೆ ಎದೆ ಹೊಡ್ಕೊಳತ್ತೆ, ಇಲ್ಲಾ ನಿಜವಾಗ್ಲೂ ಬೆಳೆದಿದ್ದು ಗೊತ್ತೇ ಆಗಲ್ಲ. ಮಧ್ಯೆ ಮಧ್ಯೆ ಎಂಆರ್‌ಐ ಅಥವಾ ಸಿಟಿಯಲ್ಲಿ ಅಯೋರ್ಟ ಪೂರ್ತಿ ನೋಡೋಣ ಅಂತಾರೆ, ಎಕೋದಲ್ಲಿ ಕಾಣದೇ ಇರೋ ಕೆಳಗಿನ ಭಾಗ ಅದರಲ್ಲಿ ಕಾಣತ್ತೆ.

ಫೈಲ್ ಮೊದಲ ಹಾಳೆಯಲ್ಲಿ ಬರೀ ತಾರೀಖು, ಅಳತೆ, ಎಲ್ಲಿ ಮಾಡ್ಸಿದ್ದು, ಎತ್ತರ, ತೂಕ, ಬಿಪಿ. ಅಷ್ಟೇ. ಹೊಸ ಡಾಕ್ಟ್ರು ಆ ಒಂದು ಹಾಳೆ ನೋಡಿದ್ರೆ ಅರ್ಧ ಕೆಲಸ ಮುಗೀತು. ಎಲ್ಲಾನೂ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಲ್ಲಾದ್ರೂ ಇಡಿ.

ಮಾತ್ರೆ ವಿಷ್ಯ

ಕೊಡೋದು ಹೆಚ್ಚಾಗಿ ಎರಡು ಗುಂಪು, ಅಟೆನೊಲಾಲ್ ಪ್ರೊಪ್ರನೊಲಾಲ್ ಥರದ ಬೀಟಾ ಬ್ಲಾಕರ್, ಇಲ್ಲಾ ಲೊಸಾರ್ಟನ್ ಥರದ್ದು, ಕೆಲವ್ರಿಗೆ ಎರಡೂ. "ನಮ್ಮ ಮಗೂಗೆ ಬಿಪಿನೇ ಇಲ್ಲ, ಬಿಪಿ ಮಾತ್ರೆ ಯಾಕೆ" ಅನ್ನೋ ಪ್ರಶ್ನೆ ಎಲ್ಲರದ್ದೂ. ಹೃದಯ ಪ್ರತಿ ಸಲ ಬಡಿದಾಗ ರಕ್ತ ಅಯೋರ್ಟದ ಗೋಡೆಗೆ ಹೊಡೆಯೋ ಜೋರು ಕಮ್ಮಿ ಮಾಡಿ ಊದೋದನ್ನ ನಿಧಾನ ಮಾಡ್ಲಿ ಅಂತ. ಊದಿದ್ದನ್ನ ವಾಪಸ್ ಸಣ್ಣ ಮಾಡೋಕಲ್ಲ. ಯಾವ್ದು ಒಳ್ಳೇದು ಅಂತ ಅಟೆನೊಲಾಲ್ ಲೊಸಾರ್ಟನ್ ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ 2014ರಲ್ಲಿ ಬಂತು, ಅದರಲ್ಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಹಾಗಾಗಿ ಪಕ್ಕದ್ಮನೆಯವ್ರಿಗೆ ಬೇರೆ ಮಾತ್ರೆ ಕೊಟ್ಟಿದಾರೆ ಅಂತ ತಲೆ ಕೆಡಿಸ್ಕೋಬೇಡಿ. ಉಬ್ಬಸ ಇದ್ರೆ ಬೀಟಾ ಬ್ಲಾಕರ್ ಬರೆಯೋ ಮುಂಚೆ ಹೇಳ್ಲೇಬೇಕು. ಬೀಟಾ ಬ್ಲಾಕರನ್ನ ಸುಸ್ತಾಗತ್ತೆ ಅಂತ ಒಂದೇ ಸಲ ನಿಲ್ಸೋದು ಅಪಾಯ, ಜಾತ್ರೆಗೋ ಮದ್ವೆಗೋ ಊರಿಗೆ ಹೋಗುವಾಗ ಎರಡು ದಿನದ್ದು ಹೆಚ್ಚಿಗೇ ಇಟ್ಕೊಳ್ಳಿ. ಲೊಸಾರ್ಟನ್ ತಗೊಳ್ಳೋರಿಗೆ ಆಗಾಗ ಕಿಡ್ನಿ, ಪೊಟ್ಯಾಸಿಯಂ ಟೆಸ್ಟ್ ಮಾಡ್ಸ್ತಾರೆ. ಎರಡೂ ಜನೌಷಧಿ ಅಂಗಡಿಯಲ್ಲಿ ಕಮ್ಮಿ ರೇಟಿಗೆ ಸಿಗತ್ತೆ.

ಇದಕ್ಕಿಂತ ನನಗೆ ತಲೆಬಿಸಿ ಆಗೋದು ಚೀಟಿ ಇಲ್ದೆ ತಗೊಳ್ಳೋ ಮಾತ್ರೆದು. ಭೇದಿ ಶುರುವಾದ್ರೆ ನಮ್ಮಲ್ಲಿ ಏನ್ಮಾಡ್ತಾರೆ, ಮೆಡಿಕಲ್ ಶಾಪಿಗೆ ಹೋಗಿ "ಲೂಸ್ ಮೋಷನ್‌ಗೆ ಕೊಡಿ" ಅಂತಾರೆ, ಅವ್ರು ನಾರ್ಫ್ಲಾಕ್ಸಾಸಿನ್ ಟಿನಿಡಜೋಲ್ಲೋ ಆಫ್ಲಾಕ್ಸಾಸಿನ್ ಆರ್ನಿಡಜೋಲ್ಲೋ ಸೇರಿರೋ ಮಾತ್ರೆ ಕೊಟ್ಟು ಕಳಿಸ್ತಾರೆ. ಈ ಗುಂಪಿನ ಆಂಟಿಬಯಾಟಿಕ್ ಅಯೋರ್ಟ ಸೀಳೋ ಅಪಾಯ ಹೆಚ್ಚಿಸತ್ತೆ, ಮಾರ್ಫನ್ ಇರೋರಿಗೆ ಬೇರೆ ದಾರಿ ಇಲ್ದಿದ್ರೆ ಮಾತ್ರ ಕೊಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರಲ್ಲೇ ಎಚ್ಚರಿಕೆ ಕೊಟ್ಟಿದೆ. ಸಿಪ್ರೊ, ಲಿವೊ, ಆಫ್ಲಾ, ಮಾಕ್ಸಿ, ನಾರ್, ಮುಂದೆ ಏನೇ ಇರ್ಲಿ, ಹೆಸರಿನ ಕೊನೆಗೆ "ಫ್ಲಾಕ್ಸಾಸಿನ್" ಅಂತ ಇದ್ರೆ ವಾಪಸ್ ಕೊಟ್ಟು ಡಾಕ್ಟ್ರನ್ನ ಕೇಳಿ. ಮೂತ್ರದ ಇನ್ಫೆಕ್ಷನ್‌ಗೂ ಇದನ್ನೇ ಬರೀತಾರೆ, ಆಗ್ಲೂ ಹೇಳಿ. ಶೀತಕ್ಕೆ ತಗೊಳ್ಳೋ ಮಾತ್ರೆಗಳಲ್ಲಿ ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇರತ್ತೆ, ಅದು ಬಿಪಿ ಏರಿಸತ್ತೆ, ಹಬೆ ತಗೊಂಡು ಸುಧಾರಿಸ್ಕೊಳ್ಳೋದೇ ವಾಸಿ.

ಆಟ, ಜಿಮ್ಮು, ಸಿಲಿಂಡರ್ರು

ಉದ್ದ ಇರೋ ಮಕ್ಕಳನ್ನ ಪಿಟಿ ಮಾಸ್ಟ್ರು ನೋಡಿದ ತಕ್ಷಣ ವಾಲಿಬಾಲ್ ಟೀಮಿಗೆ ಎಳ್ಕೊಳ್ತಾರೆ, ಬಾಸ್ಕೆಟ್‌ಬಾಲ್ ಇರೋ ಶಾಲೆಯಾದ್ರೆ ಅದಕ್ಕೆ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್, 1984ರ ಒಲಿಂಪಿಕ್ಸಲ್ಲಿ ಬೆಳ್ಳಿ ಗೆದ್ದ ಟೀಮಲ್ಲಿದ್ದೋರು, 1986ರ ಜನವರಿಯಲ್ಲಿ ಜಪಾನಲ್ಲಿ ಮ್ಯಾಚ್ ನಡೀತಿರುವಾಗ್ಲೇ ಬೆಂಚಿಂದ ಕುಸಿದು ತೀರ್ಕೊಂಡ್ರು, ಮೊದ್ಲು ಹಾರ್ಟ್ ಅಟ್ಯಾಕ್ ಅಂದ್ರು, ಪೋಸ್ಟ್‌ಮಾರ್ಟಮ್ಮಲ್ಲಿ ಗೊತ್ತಾಗಿದ್ದು ಮಾರ್ಫನ್ನು, ಅಯೋರ್ಟ ಹರಿದಿತ್ತು. ಆಮೇಲೆ ಅವರ ತಮ್ಮನ್ನ ಪರೀಕ್ಷೆ ಮಾಡಿದ್ರೆ ಅವರಿಗೂ ಇತ್ತು, ಆಪರೇಷನ್ ಮಾಡಿದ್ರು.

ಅದಕ್ಕಂತ ಮಗುವನ್ನ ಮೂಲೇಲಿ ಕೂರಿಸ್ಬೇಡಿ. ನಡಿಗೆ, ಆರಾಮಾಗಿ ಸೈಕಲ್ಲು, ಪೈಪೋಟಿ ಇಲ್ದೆ ಈಜು, ಮಾತಾಡ್ಕೊಂಡು ಮಾಡ್ಬಹುದಾದಷ್ಟು ಜೋರಿನ ಯಾವ್ದೇ ಓಡಾಟ ಒಳ್ಳೇದೇ, ಮೂಳೆಗೂ ಮನಸ್ಸಿಗೂ. ಬೇಡ ಅನ್ನೋದು ಕಬಡ್ಡಿ, ಕುಸ್ತಿ, ಎದೆಗೆ ಕಣ್ಣಿಗೆ ಪೆಟ್ಟು ಬೀಳೋ ಆಟ, ಮತ್ತೆ ಉಸಿರು ಬಿಗಿ ಹಿಡಿದು ಭಾರ ಎತ್ತೋದು. ಜಿಮ್ಮಲ್ಲಿ ವೇಟ್ಸ್, ಪುಲ್ ಅಪ್ಸ್ ಅಷ್ಟೇ ಅಲ್ಲ, ತುಂಬಿದ ಗ್ಯಾಸ್ ಸಿಲಿಂಡರ್, 20 ಲೀಟರ್ ನೀರಿನ ಕ್ಯಾನು, 25 ಕೆಜಿ ಅಕ್ಕಿ ಮೂಟೆ, ಇವೆಲ್ಲ ಅದೇ ಲೆಕ್ಕ. ಮನೇಲಿ ಉದ್ದ ಇರೋ ಹುಡುಗನ್ನೇ ಎಲ್ಲರೂ "ಬಾರೋ ಇದೊಂಚೂರು ಎತ್ತು" ಅಂತ ಕರ್ಯೋದು, ಅದನ್ನ ನಿಲ್ಸಿ. ಮಲಬದ್ಧತೆ ಆಗ್ದಂಗೆ ನೋಡ್ಕೊಳ್ಳೋದೂ ಇದೇ ಕಾರಣಕ್ಕೆ. ಯೋಗದಲ್ಲಿ ಉಸಿರು ತುಂಬ ಹೊತ್ತು ಕಟ್ಟೋದು, ಶೀರ್ಷಾಸನ, ಬೆನ್ನು ಬಲವಂತವಾಗಿ ಬಗ್ಗಿಸೋದು ಬೇಡ. ಮೈ ಹೇಗೆ ಬೇಕಾದ್ರೂ ಬಾಗೋದ್ರಿಂದ ಯೋಗ ಟೀಚರ್‌ಗೆ ಈ ಮಕ್ಕಳು ಅಂದ್ರೆ ಭಾರಿ ಇಷ್ಟ, ಚಪ್ಪಾಳೆ ಸಿಗತ್ತೆ ಅಂತ ಇವ್ರೂ ಬಾಗ್ತಾರೆ. ಕಟಿಂಗ್ ಶಾಪಲ್ಲಿ ಕುತ್ತಿಗೆ ಲಟಕ್ ಅನ್ಸೋ ಮಸಾಜಂತೂ ಬೇಡ್ವೇ ಬೇಡ. ಸಿಗರೇಟೂ ಬೇಡ, ಶ್ವಾಸಕೋಶದಿಂದ ಗಾಳಿ ಸೋರೋ ಅಪಾಯ ಇವ್ರಿಗೆ ಮೊದ್ಲೇ ಇದೆ.

ಶಾಲೆಗೆ ಕಾರ್ಡಿಯಾಲಜಿಸ್ಟ್ ಹತ್ರ ಒಂದು ಪತ್ರ ಬರೆಸಿ ಕೊಡಿ, ಏನು ಮಾಡ್ಬಹುದು ಅನ್ನೋದು ಮೊದ್ಲು, ಏನು ಬೇಡ ಅನ್ನೋದು ಆಮೇಲೆ. ಪಿಟಿ ಪೀರಿಯಡಲ್ಲಿ ಸ್ಕೋರ್ ಬರೆಯೋಕೆ, ಅಂಪೈರ್ ಆಗೋಕೆ ಬಿಟ್ರೆ ಮಗು ಗುಂಪಿಂದ ಹೊರಗೆ ಬೀಳಲ್ಲ. "ಲಂಬೂ", "ಕರೆಂಟ್ ಕಂಬ" ಅನ್ನೋ ಹೆಸರು ಹೇಗೂ ಇಟ್ಟೇ ಇಟ್ಟಿರ್ತಾರೆ, ಕ್ಲಾಸ್ ಟೀಚರ್ ಜೊತೆ ಒಂದು ಮಾತಾಡಿ.

ಎದೆ ನೋವು ಬಂದ ರಾತ್ರಿ

ಈ ಭಾಗ ಮನೇಲಿ ಎಲ್ಲರಿಗೂ ಓದಿ ಹೇಳಿ. ಅಯೋರ್ಟದ ಗೋಡೆ ಒಳಗಿಂದ ಸೀಳೋದಕ್ಕೆ ಡಿಸೆಕ್ಷನ್ ಅಂತಾರೆ. ನೋವು ಮೆಲ್ಲಗೆ ಶುರುವಾಗಿ ಏರಲ್ಲ, ಒಂದೇ ಸಲಕ್ಕೆ ಪೂರ್ತಿ ಜೋರಲ್ಲಿ ಬರತ್ತೆ, ಎದೆ ಮುಂದೆ ಅಥವಾ ಬೆನ್ನಲ್ಲಿ ಭುಜದ ಮೂಳೆಗಳ ಮಧ್ಯೆ, ಹರಿದ ಹಾಗೆ, ಚುಚ್ಚಿದ ಹಾಗೆ, ಕೆಲವ್ರಿಗೆ ಅಲ್ಲಿಂದ ಹೊಟ್ಟೆ ಕಡೆ ಇಳಿಯತ್ತೆ. ಬೆವರು, ತಲೆ ಸುತ್ತು, ಒಂದು ಕೈ ಅಥವಾ ಕಾಲು ಬಲ ಹೋದ ಹಾಗೆ ಆಗೋದು, ಮಾತು ತೊದಲೋದು ಕೂಡ ಇರಬಹುದು. ನಮ್ಮಲ್ಲಿ ಎದೆ ನೋವು ಅಂದ ತಕ್ಷಣ ಗ್ಯಾಸ್ ಇರ್ಬೇಕು ಅಂತ ಜೀರಿಗೆ ಕಷಾಯ, ಸೋಡಾ, ಬೆನ್ನಿಗೆ ಎಣ್ಣೆ ತಿಕ್ಕೋದು, ಬೆಳಿಗ್ಗೆ ನೋಡೋಣ ಅನ್ನೋದು. ಮಾರ್ಫನ್ ಇರೋರ ಮನೇಲಿ ಆ ಬೆಳಿಗ್ಗೆ ಅನ್ನೋ ಮಾತಿಲ್ಲ. ಹೃದಯದ ಪಕ್ಕದ ಭಾಗ ಸೀಳಿದ್ರೆ ಆಪರೇಷನ್ ಆಗದೇ ಇರೋ ಪ್ರತಿ ಗಂಟೆಗೂ ನೂರರಲ್ಲಿ ಒಬ್ಬಿಬ್ಬರ ಪ್ರಾಣ ಹೋಗತ್ತೆ ಅನ್ನೋದು ವೈದ್ಯಕೀಯದಲ್ಲಿ ಹಳೇ ಲೆಕ್ಕ.

108ಕ್ಕೆ ಫೋನ್ ಮಾಡಿ. ರೋಗಿ ನಡೀಬಾರ್ದು, ಗಾಡಿ ಓಡಿಸ್ಬಾರ್ದು. ಹೋಗ್ಬೇಕಾಗಿರೋದು ಸಿಟಿ ಸ್ಕ್ಯಾನ್ ಮತ್ತೆ ಹೃದಯದ ಸರ್ಜನ್ ಇರೋ ಕಡೆ. ಆ ಆಸ್ಪತ್ರೆ ಯಾವ್ದು, ನಿಮ್ಮೂರಿಂದ ಎಷ್ಟು ಹೊತ್ತು, ಇವತ್ತೇ ಕೂತು ತೀರ್ಮಾನ ಮಾಡಿ ಇಟ್ಕೊಳ್ಳಿ, ರಾತ್ರಿ ಎರಡು ಗಂಟೆಗೆ ಯೋಚ್ನೆ ಮಾಡೋ ವಿಷ್ಯ ಅಲ್ಲ ಅದು. ಚಿಕ್ಕ ಕ್ಲಿನಿಕ್ಕಲ್ಲಿ ಇಸಿಜಿ ತೆಗೆದು ನಾರ್ಮಲ್ ಇದೆ ಮನೆಗೆ ಹೋಗಿ ಅಂದ್ರೆ ಒಪ್ಪಬೇಡಿ, ಡಿಸೆಕ್ಷನ್ನಲ್ಲಿ ಇಸಿಜಿ ನಾರ್ಮಲ್ಲಾಗೇ ಇರ್ಬಹುದು. ಇದರ ಇನ್ನೊಂದು ಮಗ್ಗಲು ಇನ್ನೂ ಕಷ್ಟದ್ದು, ಹಾರ್ಟ್ ಅಟ್ಯಾಕ್ ಅಂದ್ಕೊಂಡು ರಕ್ತ ಕರಗಿಸೋ ಇಂಜೆಕ್ಷನ್ ಕೊಟ್ಬಿಟ್ರೆ ಸೀಳಿದ ಜಾಗದಿಂದ ರಕ್ತ ನಿಲ್ಲಲ್ಲ. ಅದಕ್ಕೆ ಪರ್ಸಲ್ಲಿ ಒಂದು ಕಾರ್ಡ್ ಇರ್ಲಿ, ಕನ್ನಡದಲ್ಲೂ ಇಂಗ್ಲಿಷಲ್ಲೂ, ಹೀಗೆ ಬರೆಸಿ:

"ನನಗೆ ಮಾರ್ಫನ್ ಸಿಂಡ್ರೋಮ್ ಇದೆ. ಎದೆ ಅಥವಾ ಬೆನ್ನು ನೋವಿದ್ದರೆ ಅಯೋರ್ಟ ಡಿಸೆಕ್ಷನ್ ಇರಬಹುದು. ದಯವಿಟ್ಟು ತಕ್ಷಣ ಸಿಟಿ ಆಂಜಿಯೋ ಮಾಡಿ. ಅದನ್ನು ನೋಡುವ ಮೊದಲು ರಕ್ತ ಕರಗಿಸುವ ಔಷಧಿ ಕೊಡಬೇಡಿ. ಕಳೆದ ಎಕೋದಲ್ಲಿ ಅಯೋರ್ಟ: __ ಮಿ.ಮೀ., ತಾರೀಖು: __. ತೆಗೆದುಕೊಳ್ಳುವ ಮಾತ್ರೆ: __. ರಕ್ತದ ಗುಂಪು: __. ಮನೆಯವರ ಫೋನ್: __."

ಮೊಬೈಲ್ ಲಾಕ್ ಸ್ಕ್ರೀನ್ ಮೇಲೂ ಮೊದಲ ಎರಡು ಸಾಲು ಹಾಕಿಡಿ. ಎದೆಯ ಒಂದೇ ಪಕ್ಕ ಚುಚ್ಚಿ ಉಸಿರು ಕಟ್ಟಿದ್ರೆ ಅದು ಶ್ವಾಸಕೋಶದ್ದೂ ಇರಬಹುದು, ಎರಡಕ್ಕೂ ಓಡ್ಲೇಬೇಕು ಬಿಡಿ.

ಆಪರೇಷನ್

ಇಷ್ಟು ಓದಿ ಹೆದರಿಕೊಂಡಿದ್ರೆ ಈ ಲೆಕ್ಕ ಕೇಳಿ. 1970ರ ದಶಕದ ಆರಂಭದಲ್ಲಿ ಮಾರ್ಫನ್ ಇರೋರು ಸರಾಸರಿ 32 ವರ್ಷಕ್ಕೆ ತೀರಿಕೊಳ್ತಿದ್ರು, 1990ರ ದಶಕದ ಮಧ್ಯಕ್ಕೆ ಬರೋಷ್ಟ್ರಲ್ಲಿ ನಿರೀಕ್ಷಿತ ಆಯಸ್ಸು 70 ದಾಟಿತ್ತು. ಸೀಳೋ ಮುಂಚೆ ಅಳತೆ ನೋಡಿ ಆಪರೇಷನ್ ಮಾಡೋದು ಶುರುವಾಗಿದ್ದು ಇದಕ್ಕೆ ಮುಖ್ಯ ಕಾರಣ. ದೊಡ್ಡವರಲ್ಲಿ ಸಾಮಾನ್ಯವಾಗಿ ರೂಟ್ 50 ಮಿಲಿಮೀಟರ್ ಮುಟ್ಟಿದ್ರೆ ಮಾಡ್ತಾರೆ, ಮನೇಲಿ ಯಾರಿಗಾದ್ರೂ ಸೀಳಿದ್ದು ಗೊತ್ತಿದ್ರೆ, ಬೇಗ ಬೇಗ ಬೆಳೀತಿದ್ರೆ, ಬಸುರಿ ಆಗೋ ಯೋಚ್ನೆ ಇದ್ರೆ 45ಕ್ಕೇ. ಗಿಡ್ಡ ಇರೋರಿಗೆ ಎತ್ತರ ಲೆಕ್ಕ ಹಾಕಿ ಇನ್ನೂ ಮುಂಚೆ ಹೇಳ್ಬಹುದು.

ಮಾಡೋದ್ರಲ್ಲಿ ಎರಡು ಮುಖ್ಯ ಬಗೆ. ಬೆಂಟಾಲ್ ಅನ್ನೋದ್ರಲ್ಲಿ ಊದಿದ ಭಾಗ, ಕವಾಟ ಎರಡನ್ನೂ ತೆಗೆದು ಕೃತಕದ್ದು ಹಾಕ್ತಾರೆ. ಡೇವಿಡ್ ಅನ್ನೋದ್ರಲ್ಲಿ ನಿಮ್ಮ ಕವಾಟ ಚೆನ್ನಾಗಿದ್ರೆ ಅದನ್ನೇ ಉಳಿಸ್ಕೊಂಡು ನಾಳ ಮಾತ್ರ ಬದಲಾಯಿಸ್ತಾರೆ, ಇದಕ್ಕೆ ಪಳಗಿದ ಸರ್ಜನ್ ಬೇಕು, "ಇದನ್ನ ನೀವು ಎಷ್ಟು ಮಾಡಿದೀರ" ಅಂತ ಕೇಳೋಕೆ ಸಂಕೋಚ ಬೇಡ. ಲೋಹದ ಕವಾಟ ಹಾಕಿದ್ರೆ ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ, ವಾರ್ಫರಿನ್ ಇಲ್ಲಾ ಅಸಿನೊಕುಮರಾಲ್, ಜೊತೆಗೆ ಐಎನ್‌ಆರ್ ರಕ್ತ ಪರೀಕ್ಷೆ, ರಕ್ತ ಎಷ್ಟು ತೆಳು ಆಗಿದೆ ಅಂತ ನೋಡೋಕೆ. ಆಗ ಸೊಪ್ಪು ತಿನ್ನಲೇಬಾರ್ದು ಅಂತ ಹೆದರಿಸ್ತಾರೆ, ಹಾಗಲ್ಲ, ವಾರದಲ್ಲಿ ಎಷ್ಟು ತಿಂತೀರೋ ಅಷ್ಟನ್ನೇ ತಿಂತಿರಿ, ತಿಂಗಳೆಲ್ಲ ಬಿಟ್ಟು ಒಂದಿನ ಊರಿಗೆ ಹೋದಾಗ ಎರಡು ಹೊತ್ತೂ ಮಸ್ಸೊಪ್ಪು ಹೊಡ್ಯೋದು ಬೇಡ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಗೋಬೇಡಿ. ಹಲ್ಲು ಕೀಳ್ಸೋ ಮುಂಚೆ ಕವಾಟದ ವಿಷ್ಯ ಹಲ್ಲಿನ ಡಾಕ್ಟ್ರಿಗೆ ಹೇಳಿ, ಆಂಟಿಬಯಾಟಿಕ್ ಮೊದ್ಲೇ ಕೊಡ್ತಾರೆ. ಆಪರೇಷನ್ ಆಯ್ತು ಅಂದ್ರೆ ಕಾಯಿಲೆ ಹೋಯ್ತು ಅಂತಲ್ಲ, ಉಳಿದ ಅಯೋರ್ಟನ ನೋಡ್ತಾ ಇರ್ಬೇಕು.

ದುಡ್ಡಿನ ವಿಷ್ಯ, ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ಲಾದ್ರೆ ಪ್ಯಾಕೇಜ್ ದರದ 30%. ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ರ ಮೊದ್ಲು ಮಾತಾಡಿ, ಸರ್ಕಾರಿ ಆಸ್ಪತ್ರೆ ರೆಫರಲ್ ಚೀಟಿ ಬೇಕಾ ಕೇಳಿ, ಅಡ್ಮಿಟ್ ಆದ್ಮೇಲೆ ಓಡಾಡೋದು ಕಷ್ಟ. ಪ್ರೈವೇಟ್ ಇನ್ಶೂರೆನ್ಸ್ ಮಾಡ್ಸೋರು ಕಾಯಿಲೆ ಮುಚ್ಚಿಡ್ಬೇಡಿ, ಮೊದ್ಲೇ ಇದ್ದ ಕಾಯಿಲೆಗೆ ಕಾಯೋ ಅವಧಿ 2024ರಿಂದ ಹೆಚ್ಚೆಂದ್ರೆ 3 ವರ್ಷ, ಮುಚ್ಚಿಟ್ರೆ ಕ್ಲೇಮೇ ತಿರಸ್ಕಾರ ಆಗತ್ತೆ.

ಕಣ್ಣು, ಬೆನ್ನು

ವರ್ಷಕ್ಕೊಂದು ಕಣ್ಣಿನ ಚೆಕಪ್ಪು. ಕಣ್ಣ ಮುಂದೆ ಮಿಂಚು, ಕಪ್ಪು ಚುಕ್ಕಿ ಹಾರಾಟ, ಪರದೆ ಎಳೆದ ಹಾಗೆ ಆದ್ರೆ ರೆಟಿನಾ ಕಿತ್ತಿರ್ಬಹುದು, ಅವತ್ತೇ ಹೋಗಿ. ಕನ್ನಡಕ ತೆಗ್ಸೋ ಲೇಸರ್ ಆಪರೇಷನ್ ಇವ್ರಿಗೆ ಸಾಮಾನ್ಯವಾಗಿ ಆಗಿಬರಲ್ಲ. ಬೆನ್ನು ಸೊಟ್ಟ ಆಗೋದು ಬೆಳೆಯೋ ವಯಸ್ಸಲ್ಲಿ ಜೋರು, ಆಗ 6 ತಿಂಗಳಿಗೊಮ್ಮೆ ತೋರ್ಸಿ. ಸ್ಪೈನಲ್ ಇಲ್ಲಾ ಎಪಿಡ್ಯೂರಲ್ ಅನಸ್ತೇಷಿಯಾ ಕೊಡೋ ಮುಂಚೆ ಮಾರ್ಫನ್ ಅಂತ ಹೇಳಿ, ಬೆನ್ನುಹುರಿ ಸುತ್ತ ಇರೋ ಪೊರೆ ಇವ್ರಲ್ಲಿ ಅಗಲ ಆಗಿರತ್ತೆ.

ಮದುವೆ, ಮಗು, ಮತ್ತೆ ನೆಂಟರು

ಹುಡುಗಿಗೆ ಮಾರ್ಫನ್ ಇದ್ರೆ ಮುಚ್ಚಿಟ್ಟು ಮದ್ವೆ ಮಾಡೋದು ನಮ್ಮಲ್ಲಿ ತೀರಾ ಸಾಮಾನ್ಯ, ಆಮೇಲೆ ಆರನೇ ತಿಂಗಳಲ್ಲಿ ಸ್ಕ್ಯಾನಿಂಗ್ ರೂಮಲ್ಲಿ ಹೊರಗೆ ಬರತ್ತೆ. ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ಬಸುರಲ್ಲಿ, ಹೆರಿಗೆ ಆದ್ಮೇಲಿನ ಬಾಣಂತನದ ವಾರಗಳಲ್ಲೂ ಅಯೋರ್ಟ ಸೀಳೋ ಅಪಾಯ ಏರತ್ತೆ. ಅಳತೆ 40 ಮಿಲಿಮೀಟರ್ ಒಳಗಿದ್ರೆ ಎಷ್ಟೋ ಜನ ಹುಷಾರಾಗಿ ಹೆತ್ತು ಬಂದಿದಾರೆ, 45 ದಾಟಿದ್ರೆ ಮೊದ್ಲು ಆಪರೇಷನ್, ಆಮೇಲೆ ಮಗು ಅಂತಾರೆ. ಲೊಸಾರ್ಟನ್ ಹೊಟ್ಟೇಲಿರೋ ಮಗುವಿಗೆ ಕೆಟ್ಟದ್ದು, ಬಸುರಿಗೆ ಪ್ರಯತ್ನ ಮಾಡೋ ಮುಂಚೇನೇ ಡಾಕ್ಟ್ರು ಬದಲಾಯಿಸ್ಬೇಕು, ಬೀಟಾ ಬ್ಲಾಕರ್ ಮುಂದುವರಿಸ್ತಾರೆ. ಹೆರಿಗೆ ಹೃದಯದ ಡಾಕ್ಟ್ರೂ ಇರೋ ದೊಡ್ಡಾಸ್ಪತ್ರೇಲಿ, ತವರೂರಿನ ನರ್ಸಿಂಗ್ ಹೋಮಲ್ಲಿ ಅಲ್ಲ, ಸಂಪ್ರದಾಯ ಏನೇ ಇರ್ಲಿ. ಜೀನ್ ದೋಷ ಗೊತ್ತಿದ್ರೆ ಬಸುರಿನ 11ರಿಂದ 13ನೇ ವಾರದಲ್ಲಿ ಪರೀಕ್ಷೆ ಸಾಧ್ಯ, ನೋಂದಣಿ ಇರೋ ಸೆಂಟರಲ್ಲಿ ಕಾನೂನಿನ ಪ್ರಕಾರಾನೇ. ಐವಿಎಫ್ ಮಾಡಿ ದೋಷ ಇಲ್ಲದ ಭ್ರೂಣ ಆರಿಸೋದೂ ಇದೆ, ಖರ್ಚು ಜಾಸ್ತಿ.

ಇನ್ನು ಒಬ್ಬರಿಗೆ ಖಚಿತ ಆದ ದಿನವೇ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರಿಗೂ ಎಕೋ, ಕಣ್ಣಿನ ಪರೀಕ್ಷೆ ಆಗ್ಬೇಕು. ಅಪ್ಪನಿಗಿದೆ ಅಂತ ಗೊತ್ತಾದ್ರೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದ್ರೂ ಅವರ ಮಕ್ಕಳೂ ಸೇರ್ಕೋತಾರೆ. ಹೇಳೋದು ಹೇಗೆ ಅನ್ನೋದೇ ತಲೆನೋವು. ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ರೆ ಕೈ ಮುಗಿದಿರೋ ನಾಲ್ಕು ಎಮೋಜಿ ಬರತ್ತೆ, ಯಾರೂ ಎದ್ದು ಹೋಗಲ್ಲ, "ನಮ್ಮ ವಂಶದಲ್ಲಿ ಅಂಥದ್ದೇನಿಲ್ಲ" ಅಂತ ಒಬ್ಬರು ಬರೆದ್ರೆ ಅಲ್ಲಿಗೆ ಮುಗೀತು. ಒಬ್ಬೊಬ್ಬರಿಗೇ ಫೋನ್ ಮಾಡಿ. "ಚಿಕ್ಕಪ್ಪ, ಇವ್ರಿಗೆ ಹೃದಯದ ನಾಳ ಊದಿದೆ ಅಂತ ಬಂದಿದೆ, ರಕ್ತ ಸಂಬಂಧದವ್ರೆಲ್ಲ ಒಂದು ಎಕೋ ಮಾಡ್ಸಿ ಅಂತ ಡಾಕ್ಟ್ರು ಬರ್ಕೊಟ್ಟಿದಾರೆ, ಆ ಚೀಟಿ ಕಳಿಸ್ತೀನಿ" ಅಂತಷ್ಟೇ ಹೇಳಿ, ಜೀನು, ಸಿಂಡ್ರೋಮು ಅಂತ ಶುರು ಮಾಡಿದ್ರೆ ಮದ್ವೆಗಿರೋ ಮಕ್ಕಳಿರೋ ಮನೆಯವ್ರು ಅಲ್ಲೇ ಕಿವಿ ಮುಚ್ಕೋತಾರೆ. ಆ ಚೀಟಿ ಡಾಕ್ಟ್ರ ಕೈಲೇ ಬರೆಸಿ, ನಿಮ್ಮ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ. ಮಕ್ಕಳಿಗೆ ಒಂದು ಸಲ ನಾರ್ಮಲ್ ಬಂದ್ರೂ ಜೀನ್ ಟೆಸ್ಟಲ್ಲಿ ಇಲ್ಲ ಅಂತ ಖಚಿತ ಆಗದಿದ್ರೆ ಬೆಳೆಯೋ ತನಕ ಆಗಾಗ ಮತ್ತೆ ನೋಡ್ಬೇಕು, ಅದನ್ನೂ ಅದೇ ಚೀಟಿಯಲ್ಲಿ ಬರೆಸ್ಕೊಳ್ಳಿ. ಮೊದಲ ಸಲ ಬೇಡ ಅಂದೋರಿಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಫೋನ್ ಮಾಡಿ, ಚಿಕ್ಕಪ್ಪ ಕೇಳಲ್ಲ ಅಂದ್ರೆ ಚಿಕ್ಕಮ್ಮಂಗೆ ಮಾಡಿ.